ಕೋಸಿನ ಸುಳಿಯಲ್ಲಿ ಬೂದು ಹೇನು: ಗಡ್ಡೆ ಮುಚ್ಕೊಳ್ಳೋಕೆ ಮುಂಚೆ ಏನೇನ್ ಮಾಡ್ಬೇಕು

ಚಳಿ ಶುರುವಾದ್ರೆ ಸಾಕು, ಬರೋ ಪ್ರಶ್ನೆ ಒಂದೇ. ಕೋಸಿನ ಸುಳೀಲಿ ಬೂದಿ ಉದುರಿಸಿದ ಹಾಗೆ ಏನೋ ಕೂತಿದೆ, ಎಲೆ ಮುದುರ್ತಿದೆ, ಎರಡು ಸಲ ಔಷಧಿ ಹೊಡೆದಾಯ್ತು, ಹೋಗ್ತಿಲ್ಲ, ಇನ್ನೇನು ಹೊಡೀಲಿ? ಮಾಲೂರು, ಹೊಸಕೋಟೆ, ಚಿಕ್ಕಬಳ್ಳಾಪುರದ ಕಡೆ ಎಕರೆಗಟ್ಲೆ ಕೋಸು ಹಾಕಿರೋರೂ ಇದನ್ನೇ ಕೇಳ್ತಾರೆ, ತಾರಸಿ ಮೇಲೆ ಗ್ರೋ ಬ್ಯಾಗಲ್ಲಿ ನಾಲ್ಕು ಗಿಡ ಇಟ್ಕೊಂಡಿರೋರೂ ಇದನ್ನೇ ಕೇಳ್ತಾರೆ. ಎಲ್ರಿಗೂ ಒಟ್ಟಿಗೆ ಇಲ್ಲಿ ಬರೀತಿದ್ದೀನಿ.

ಮೊದಲೇ ಒಂದು ಮಾತು. ಬಹಳಷ್ಟು ಸಲ ಔಷಧಿ ತಪ್ಪಿರಲ್ಲ, ಅದು ಗಿಡದ ರಸ ಹೀರೋ ಈ ಪುಟ್ಟ ಹುಳಕ್ಕೆ, ಅಂದ್ರೆ ಹೇನಿಗೆ, ತಾಗೇ ಇರಲ್ಲ. ಕೋಸಿನ ಎಲೆ ಮೇಲೆ ಮೇಣ, ಹೇನಿನ ಮೈ ಮೇಲೂ ಮೇಣ, ಅದರ ಮೇಲೆ ಅದು ಕೂರೋದು ಎಲೆ ಕೆಳಗೆ, ಮುದುರಿದ ಸುಳಿ ಒಳಗೆ. ಮೇಲಿಂದ ನಾಳ ಆಡಿಸ್ಕೊಂಡು ಹೋದ್ರೆ ನೀರು ಗುಂಡಗುಂಡಗೆ ಜಾರಿ ನೆಲಕ್ಕೆ ಹೋಗತ್ತೆ. ಇನ್ನು ಗಡ್ಡೆ ಕಟ್ಟಿ ಎಲೆ ಮುಚ್ಕೊಂಡ್ಮೇಲೆ ಒಳಗಿರೋ ಹೇನಿಗೆ ಯಾವ ಕಂಪ್ನಿ ಔಷಧಿ ಆದ್ರೂ ಸರಿಯಾಗಿ ತಲುಪಲ್ಲ. ಹಾಗಾಗಿ ಈ ಕೆಲಸವೆಲ್ಲ ನಾಟಿಯಿಂದ ಗಡ್ಡೆ ಕಟ್ಟೋವರೆಗಿನ ಐದಾರು ವಾರದಲ್ಲಿ ಮುಗೀಬೇಕು.

ಬೇಕಾಗೋ ಸಾಮಾನು: ಒಂದು ಭೂತಗನ್ನಡಿ (10 ಪಟ್ಟು ದೊಡ್ಡದಾಗಿ ತೋರ್ಸೋದು ಸಾಕು), ಹಳದಿ ಅಂಟು ಕಾರ್ಡು, ಬೇವಿನ ಸೋಪು ಅಥವಾ ಹೊಂಗೆ ಸೋಪು, ಒಂದು ಮುಷ್ಟಿ ಸಾಸಿವೆ, ಸಣ್ಣ ಹನಿ ಬೀಳೋ ನಾಝಲ್ ಇರೋ ಸ್ಪ್ರೇಯರ್, ಗ್ರಾಂ ತೂಗೋ ಚಿಕ್ಕ ತಕ್ಕಡಿ, ಕೈಗವಸು, ಮಾಸ್ಕು. ತಾರಸಿಯೋರಿಗೆ ಇದರಲ್ಲಿ ಅರ್ಧ ಸಾಕು.

1. ಮೊದಲು ಯಾವ ಹೇನು ಅಂತ ನೋಡಿ

ಕೋಸು, ಹೂಕೋಸು, ನವಿಲುಕೋಸು, ಮೂಲಂಗಿ, ಸಾಸಿವೆ ಎಲ್ಲ ಒಂದೇ ಕುಟುಂಬ. ಈ ಗಿಡಗಳಿಗೆ ಮುಖ್ಯವಾಗಿ ಬರೋದು ಮೂರು ತರ ಹೇನು.

ಬೂದು ಹೇನು. ಶಾಸ್ತ್ರೀಯ ಹೆಸರು ಬ್ರೆವಿಕೊರೈನ್ ಬ್ರಾಸಿಕೇ. ಮೈ ಹಸಿರೇ, ಆದ್ರೆ ಬಿಳಿ ಮೇಣದ ಪುಡಿ ಮುಚ್ಚಿರೋದ್ರಿಂದ ಬೂದು ಬಣ್ಣ ಕಾಣತ್ತೆ. ಬೆರಳಲ್ಲಿ ಉಜ್ಜಿದ್ರೆ ಪುಡಿ ಹೋಗಿ ಹಸಿರು ಬರತ್ತೆ. ಒಂದೇ ಕಡೆ ಒತ್ತೊತ್ತಾಗಿ ಕೂರತ್ತೆ, ಸುಳಿ, ಎಳೆ ಎಲೆ, ಹೂವಿನ ಕಡ್ಡಿ ಅಂದ್ರೆ ಇಷ್ಟ. ಈ ಕುಟುಂಬ ಬಿಟ್ಟು ಬೇರೆ ಗಿಡಕ್ಕೆ ಹೋಗಲ್ಲ, ಅಂದ್ರೆ ನಿಮ್ಮ ಟೊಮ್ಯಾಟೊ, ಬೀನ್ಸ್ ಗಿಡಕ್ಕೆ ಇದ್ರಿಂದ ಹೆದರಿಕೆ ಇಲ್ಲ.

ಸಾಸಿವೆ ಹೇನು, ಲಿಪಾಫಿಸ್ ಎರಿಸಿಮಿ. ಹಳದಿ ಹಸಿರು, ಮೇಣ ಕಮ್ಮಿ. ಉತ್ತರ ಭಾರತದ ಸಾಸಿವೆ ಬೆಳೆಗಾರರಿಗೆ ದೊಡ್ಡ ತಲೆನೋವು ಇದೇ, ನಮ್ಮಲ್ಲಿ ಮೂಲಂಗಿ, ಸಾಸಿವೆ ಸೊಪ್ಪಿನ ಮೇಲೂ ಬರತ್ತೆ.

ಮೂರನೇದು ಹಸಿರು ಹೇನು, ಮೈಜಸ್ ಪರ್ಸಿಕೇ. ಗುಂಪು ಕಟ್ಟಲ್ಲ, ಹಳೇ ಎಲೆ ಕೆಳಗೆ ಅಲ್ಲೊಂದು ಇಲ್ಲೊಂದು ಇರತ್ತೆ. ಮೆಣಸಿನಕಾಯಿ, ಆಲೂಗಡ್ಡೆ ಹೀಗೆ ನೂರಾರು ಗಿಡದ ಮೇಲೆ ಬದುಕತ್ತೆ, ಔಷಧಿಗಳಿಗೆ ಒಗ್ಗಿಕೊಳ್ಳೋದ್ರಲ್ಲಿ ಇದು ಎತ್ತಿದ ಕೈ. ಅದಕ್ಕೇ ಯಾವ್ದು ಅಂತ ತಿಳ್ಕೊಳ್ಳದೆ ಹೊಡೀಬಾರ್ದು.

ಇಲ್ಲಿ ಜನ ಜಾಸ್ತಿ ಎಡವೋದು ಬೂದು ಹೇನನ್ನ ಬೂದಿ ರೋಗ ಅನ್ಕೊಂಡು ಗಂಧಕ ಹೊಡೆಯೋದ್ರಲ್ಲಿ. ಬೂದಿ ರೋಗ ಶಿಲೀಂಧ್ರ, ಎಲೆ ಮೇಲೆ ಚಪ್ಪಟೆಯಾಗಿ ಹರಡಿರತ್ತೆ, ಭೂತಗನ್ನಡೀಲಿ ಕಾಲು ಕಾಣಲ್ಲ. ಹೇನಾದ್ರೆ ಕಾಲು, ಮೀಸೆ, ಹಿಂದೆ ಎರಡು ಚಿಕ್ಕ ಕೊಳವೆ ಕಾಣತ್ತೆ, ಬೂದು ಹೇನಿಗೆ ಆ ಕೊಳವೆ ಮೋಟು. ಇನ್ನೊಂದು, ಇರುವೆ ಸಾಲು ಇಲ್ಲ ಅಂದ್ರೆ ಹೇನಿಲ್ಲ ಅನ್ನೋ ಲೆಕ್ಕ ಬೂದು ಹೇನಿಗೆ ನಡೆಯಲ್ಲ, ಇದರ ಹತ್ರ ಇರುವೆ ಅಷ್ಟಾಗಿ ಸುಳಿಯಲ್ಲ.

2. ಸಸಿಯಲ್ಲೇ ತಡೀರಿ

ಹೇನು ಬರೋ ಸುಲಭದ ದಾರಿ ನರ್ಸರಿ ಟ್ರೇ. ಸಸಿ ತರೋವಾಗ ಟ್ರೇನ ಮೇಲಿಂದ ನೋಡಿ ಚೆನ್ನಾಗಿದೆ ಅಂದ್ಬಿಟ್ಟು ಗಾಡಿಗೆ ಹಾಕ್ಬೇಡಿ, ನಾಲ್ಕೈದು ಟ್ರೇಯಿಂದ ಸಸಿ ಎತ್ತಿ ಎಲೆ ಮಗುಚಿ ನೋಡಿ. ನೀವೇ ಸಸಿ ಮಾಡೋರಾದ್ರೆ ಸಣ್ಣ ಕಣ್ಣಿನ ನೈಲಾನ್ ಪರದೆ ಕೆಳಗೆ ಬೆಳೆಸಿ. 40 ಮೆಶ್ (ಇಂಚಿಗೆ 40 ಕಣ್ಣು) ಅಥವಾ ಅದಕ್ಕಿಂತ ಒತ್ತಾದ್ದು ಕೇಳಿ ತಗೊಳ್ಳಿ, ನೆರಳು ಪರದೆ ಬೇರೆ, ಕೀಟ ಪರದೆ ಬೇರೆ.

ಒಂದು ಹೇನು ಬಂದ್ರೆ ಏನಾಗತ್ತೆ ಅಂತೀರಾ? ನಮ್ಮಂಥ ಬೆಚ್ಚಗಿನ ಊರಲ್ಲಿ ಹೇನಿಗೆ ಗಂಡಿನ ಅವಶ್ಯಕತೆನೇ ಇಲ್ಲ. ಹೆಣ್ಣು ನೇರವಾಗಿ ಮರಿ ಹಾಕತ್ತೆ, ಆ ಮರೀನೂ ಹೆಣ್ಣು, ಅದು ಹುಟ್ಟೋವಾಗ್ಲೇ ಅದರ ಹೊಟ್ಟೇಲಿ ಮುಂದಿನ ಮರಿ ಬೆಳೀತಿರತ್ತೆ. ಹವಾ ಹೊಂದಿದ್ರೆ, ಅಂದ್ರೆ 20ರಿಂದ 25 ಡಿಗ್ರಿ ಆಸುಪಾಸು, ಒಂದು ವಾರ ಹತ್ತು ದಿನದಲ್ಲಿ ಮರಿ ತಾಯಿಯಾಗತ್ತೆ. ಜಾಗ ಇಕ್ಕಟ್ಟಾದಾಗ ರೆಕ್ಕೆ ಇರೋವು ಹುಟ್ಟಿ ಪಕ್ಕದ ತಾಕಿಗೆ ಹಾರ್ತಾವೆ. ಡಿಸೆಂಬರ್ ಜನವರೀಲಿ ಮಳೆನೂ ಇಲ್ಲ, ಬಿಸಿಲೂ ಕಮ್ಮಿ, ಅದಕ್ಕೆ ಹೇಳಿ ಮಾಡಿಸಿದ ಕಾಲ.

3. ಸಾಸಿವೆ ಸಾಲು ಹಾಕಿ

ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಸಿನ ಎಲೆ ತಿನ್ನೋ ಹುಳದ ತಾಯಿ ವಜ್ರ ಬೆನ್ನಿನ ಪತಂಗಕ್ಕೆ ಅಂತ ಕೊಟ್ಟ ಉಪಾಯ, ಹೇನಿಗೂ ಒದಗತ್ತೆ. ಬಲೆ ಬೆಳೆ ಅಂತಾರೆ, ಹುಳಕ್ಕೆ ಕೋಸಿಗಿಂತ ರುಚಿಯಾದ್ದನ್ನ ಪಕ್ಕದಲ್ಲಿಟ್ಟು ಅಲ್ಲಿಗೆ ಸೆಳೆಯೋದು.

ಕೋಸಿನ 25 ಸಾಲಿಗೆ ಒಂದು ಜೋಡಿ ಸಾಸಿವೆ ಸಾಲು. ಜೋಡೀಲಿ ಒಂದು ಸಾಲನ್ನ ಕೋಸು ನಾಟಿಗೆ 15 ದಿನ ಮುಂಚೆ ಬಿತ್ತಬೇಕು, ಇನ್ನೊಂದನ್ನ ನಾಟಿ ಆದ 25 ದಿನಕ್ಕೆ. ಒಂದು ಸಾಲು ಬಲಿತು ಒಣಗೋ ಹೊತ್ತಿಗೆ ಇನ್ನೊಂದು ಎಳೇದಿರ್ಬೇಕು, ಅದಕ್ಕೇ ಎರಡು ಸಲ ಬಿತ್ತೋದು. ಎಲ್ರೂ ಮೊದಲ ಸಾಲು ಹಾಕ್ತಾರೆ, ಎರಡನೇದು ಮರೀತಾರೆ, ಆಮೇಲೆ ಸಾಸಿವೆಯಿಂದ ಉಪಯೋಗ ಆಗ್ಲಿಲ್ಲ ಅಂತಾರೆ.

ಸಾಸಿವೆಗೆ ಹೇನು ಹತ್ತಿದ್ಮೇಲೆ ಹಾಗೇ ಬಿಟ್ರೆ ಅದು ಬಲೆಯಲ್ಲ, ನೀವೇ ಹೇನು ಸಾಕ್ದಂಗೆ. ವಾರಕ್ಕೊಮ್ಮೆ ಸೋಪಿನ ನೀರು ಹೊಡೀರಿ, ತುಂಬ ಹತ್ತಿದ ಗಿಡವನ್ನ ಕಿತ್ತು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಬಿಸಿಲಿಗಿಡಿ. ಹಳೇ ಕರಪತ್ರಗಳಲ್ಲಿ ಸಾಸಿವೆ ಸಾಲಿಗೆ ಡೈಕ್ಲೋರ್‌ವಾಸ್ ಹೊಡೀರಿ ಅಂತ ಇರತ್ತೆ, ಅದು 2020ರ ಕೊನೆಯಿಂದ ದೇಶದಲ್ಲೇ ನಿಷೇಧ, ಯಾರಾದ್ರೂ ಹಳೇ ಸ್ಟಾಕ್ ಕೊಟ್ರೂ ತಗೋಬೇಡಿ. ಮತ್ತೆ ಸಾಸಿವೆ ಹೂ ಬಿಟ್ಟಾಗ ಜೇನು ಮುತ್ಕೊಂಡಿರ್ತಾವೆ, ಆಗ ವಿಷದ ಔಷಧಿ ಆ ಸಾಲಿಗೆ ಬೇಡವೇ ಬೇಡ.

ತಾರಸೀಲಿ ಒಂದು ಕುಂಡದಲ್ಲಿ ಸಾಸಿವೆ ಚೆಲ್ಲಿ ಕೋಸಿನ ಹತ್ರ ಇಡಿ, ಅಷ್ಟೇ.

4. ವಾರಕ್ಕೆ ಎರಡು ಸಲ ಸುಳಿ ನೋಡಿ

ಹಳದಿ ಅಂಟು ಕಾರ್ಡು ಹೇನನ್ನ ಮುಗಿಸಿಬಿಡತ್ತೆ ಅಂತ ಅಂಗಡೀಲಿ ಹೇಳಿ ಮಾರ್ತಾರೆ. ಅದಕ್ಕೆ ಬೀಳೋದು ರೆಕ್ಕೆ ಇರೋವು ಮಾತ್ರ, ಗಿಡದಲ್ಲಿ ಕೂತು ಮರಿ ಹಾಕೋ ರೆಕ್ಕೆ ಇಲ್ಲದ್ದು ಕಾರ್ಡ್ ಕಡೆ ತಿರುಗೂ ನೋಡಲ್ಲ. ಹೇನು ಹಾರಿ ಬರ್ತಿದೆ ಅಂತ ಮುಂಚೆ ಗೊತ್ತಾಗೋಕೆ ಕಾರ್ಡು, ಗಿಡದ ಎತ್ತರಕ್ಕೆ ಸರಿಯಾಗಿ ಕಟ್ಟಿ.

ಅಸಲಿ ಕೆಲಸ ಕಣ್ಣಿಂದ. ಹೇನು ಮೊದಲು ಹತ್ತೋದು ಬದುವಿನ ಪಕ್ಕದ ಸಾಲಿಗೆ, ಅದಕ್ಕೆ ಅಂಚಿಂದ ಶುರು ಮಾಡಿ, ಆಮೇಲೆ ತಾಕಿನೊಳಗೆ ಅಡ್ಡಾದಿಡ್ಡಿ ನಡೆದು ಒಂದು 25 ಗಿಡದ ಸುಳಿ ಬಿಡಿಸಿ ನೋಡಿ, ಎಲೆ ಮಗುಚಿ ನೋಡಿ. ಎಳೆ ಎಲೆ ಬಟ್ಟಲ ತರ ಒಳಕ್ಕೆ ಮಡಿಚ್ಕೊಂಡಿದ್ರೆ, ಮೇಲ್ಗಡೆ ಹಳದಿ ಮಚ್ಚೆ ಬಿದ್ದಿದ್ರೆ, ಎಲೆ ಅಂಟಂಟಾಗಿದ್ರೆ ಕೆಳಗೆ ಹೇನು ಇದ್ದೇ ಇರತ್ತೆ. ಆ ಅಂಟು ಹೇನು ಹೊರಹಾಕೋ ಸಿಹಿ ರಸ, ಅದರ ಮೇಲೆ ಕಪ್ಪು ಬೂಷ್ಟು ಬೆಳೆದ್ರೆ ಮಾರ್ಕೆಟ್ಟಲ್ಲಿ ಆ ಕೋಸನ್ನ ಕೇಳೋರಿಲ್ಲ. ಹೇನು ಸಿಕ್ಕ ಗಿಡಕ್ಕೆ ಒಂದು ಕಡ್ಡಿ ಚುಚ್ಚಿ ಗುರುತು ಮಾಡಿ, ಮೂರ್ನಾಲ್ಕು ದಿನ ಬಿಟ್ಟು ಅದೇ ಗಿಡ ನೋಡಿದ್ರೆ ಏರ್ತಿದ್ಯಾ ಇಳೀತಿದ್ಯಾ ಗೊತ್ತಾಗತ್ತೆ.

ಬೀಜಕ್ಕೆ ಸಾಸಿವೆ ಬೆಳೆಯೋರಿಗೆ ಒಂದು ಅಳತೆ ಇದೆ, ಗಿಡದ ಮುಖ್ಯ ತುದಿಯ 10 ಸೆಂ.ಮೀ. ಉದ್ದದಲ್ಲಿ ಸರಾಸರಿ 26-28 ಹೇನು ದಾಟಿದ್ರೆ ಸಿಂಪರಣೆ. ಅಷ್ಟಾಗೋ ತನಕ ಕೋಸಲ್ಲಿ ಕಾಯ್ಬೇಡಿ. ಕೋಸಲ್ಲಿ ಸುಳೀಲಿ ಗುಂಪು ಕಟ್ಟೋಕೆ ಶುರುವಾದ ಗಿಡಗಳು ಕಂಡ ಕೂಡ್ಲೇ ಆ ಗಿಡ ಮತ್ತೆ ಸುತ್ತಲಿನ ಗಿಡಗಳಿಗೆ ಸೋಪು ಹೊಡೀರಿ, ಇಡೀ ತಾಕಿಗೆ ಈಗ್ಲೇ ಬೇಡ.

5. ಸಹಾಯಕ್ಕೆ ಬಂದಿರೋರನ್ನ ಕೊಲ್ಬೇಡಿ

ಫೋಟೋ ಕಳಿಸಿ, ಈ ಹುಳಕ್ಕೆ ಏನು ಹೊಡೀಲಿ ಅಂತ ಕೇಳೋದ್ರಲ್ಲಿ ಎಷ್ಟೋ ಹುಳ ನಿಮ್ಮ ಪರವಾಗಿ ಕೆಲಸ ಮಾಡ್ತಿರೋವು. ಗುಲಗಂಜಿ ಹುಳ ಎಲ್ರಿಗೂ ಗೊತ್ತು, ಅದರ ಮರಿ ಗೊತ್ತಿರಲ್ಲ. ಕಪ್ಪಗೆ ಉದ್ದಕೆ, ಆರು ಕಾಲು, ಬೆನ್ನ ಮೇಲೆ ಕಿತ್ತಳೆ ಮಚ್ಚೆ, ನೋಡೋಕೆ ಭಯ ಆಗತ್ತೆ, ಆದ್ರೆ ತಿನ್ನೋದು ಹೇನನ್ನೇ. ಸಿರ್ಫಿಡ್ ನೊಣದ ಮರಿ ಕಾಲಿಲ್ಲದ ಹಸಿರು ಹುಳ, ಹೇನಿನ ಗುಂಪಿನ ನಡುವೆನೇ ಇರತ್ತೆ, ಇದನ್ನ ಎಲೆ ತಿನ್ನೋ ಹುಳ ಅನ್ಕೊಂಡು ಹಿಸುಕಿಬಿಡ್ತಾರೆ.

ಬೂದು ಹೇನಿನ ಒಂದು ವಿಚಿತ್ರ ಹೇಳ್ಬೇಕು. ಸಾಸಿವೆ, ಕೋಸು ಜಜ್ಜಿದಾಗ ಮೂಗಿಗೆ ಬಡಿಯೋ ಘಾಟು ಇದ್ಯಲ್ಲ, ಅದರ ಕಚ್ಚಾ ಸರಕನ್ನ ಈ ಹೇನು ಗಿಡದ ರಸದಿಂದ ಕುಡಿದು ಮೈಯಲ್ಲಿ ಇಟ್ಕೊಂಡಿರತ್ತೆ, ಅದನ್ನ ಘಾಟಾಗಿ ಮಾಡೋ ಕಿಣ್ವವನ್ನ ಬೇರೆ ಕಡೆ ತಾನೇ ತಯಾರಿಸಿ ಇಟ್ಕೊಂಡಿರತ್ತೆ. ಕಿಣ್ವ ಅಂದ್ರೆ ಒಂದು ವಸ್ತುವನ್ನ ಇನ್ನೊಂದಾಗಿ ಬದಲಾಯಿಸೋ ಪ್ರೋಟೀನು. ಯಾವ್ದಾದ್ರೂ ಹುಳ ಅದನ್ನ ಕಚ್ಚಿದ್ರೆ ಎರಡೂ ಸೇರಿ ಬಾಯಲ್ಲೇ ಘಾಟು ಏಳತ್ತೆ. ಹಾಗಾಗಿ ಗುಲಗಂಜಿ ಜಾತಿಗಳಲ್ಲಿ ಕೆಲವಕ್ಕೆ ಈ ಹೇನು ಒಗ್ಗಲ್ಲ, ಗುಲಗಂಜಿ ತಂದು ಬಿಟ್ರೆ ಎಲ್ಲ ಸರಿಹೋಗತ್ತೆ ಅನ್ನೋದು ಇಲ್ಲಿ ಪೂರ್ತಿ ನಿಜ ಅಲ್ಲ.

ಆದ್ರೆ ಡಯರೇಟಿಯೆಲ್ಲಾ ರೇಪೇ ಅನ್ನೋ ಪುಟ್ಟ ಕಪ್ಪು ಕಣಜ ಅದೇ ಘಾಟಿನ ವಾಸನೆ ಹಿಡ್ಕೊಂಡೇ ಬರತ್ತೆ. ಹೇನಿನ ಮೈಯೊಳಗೆ ಮೊಟ್ಟೆ ಇಡತ್ತೆ, ಮರಿ ಒಳಗಿಂದ ತಿಂದು ಮುಗಿಸತ್ತೆ. ಆಗ ಹೇನು ಉಬ್ಬಿ, ಕಂದು ಬಣ್ಣಕ್ಕೆ ತಿರುಗಿ, ಕಾಗದದಂತ ಚಿಪ್ಪಾಗಿ ಎಲೆಗೆ ಅಂಟ್ಕೊಳತ್ತೆ, ಮಮ್ಮಿ ಅಂತಾರೆ ಅದಕ್ಕೆ. ಬೆನ್ನಲ್ಲಿ ದುಂಡನೆ ತೂತು ಇದ್ರೆ ಕಣಜ ಹೊರಗೆ ಹೋಗಿದೆ ಅಂತ ಅರ್ಥ. ಗುಂಪಲ್ಲಿ ಇಂಥ ಮಮ್ಮಿಗಳು ಅಲ್ಲಲ್ಲಿ ಕಾಣ್ತಿದ್ರೆ, ಗಡ್ಡೆ ಕಟ್ಟೋಕೆ ಇನ್ನೂ ಟೈಮ್ ಇದ್ರೆ, ವಿಷ ಹೊಡೀಬೇಡಿ, ಬರೀ ಸೋಪಿನ ನೀರಲ್ಲಿ ತಳ್ಳಿ.

ಪತಂಗದ ಹುಳಕ್ಕೆ ಅಂತ ವಾರ ವಾರ ಪೈರೆಥ್ರಾಯ್ಡ್ ಜಾತಿ ಔಷಧಿ, ಸೈಪರ್‌ಮೆಥ್ರಿನ್ ತರದ್ದು, ಹೊಡೆಯೋ ತೋಟದಲ್ಲಿ ಹೇನು ಏಕಾಏಕಿ ಜಾಸ್ತಿಯಾಗೋಕೆ ಕಾರಣ ಇದೇ. ಕಣಜ, ನೊಣ ಎಲ್ಲ ಸಾಯ್ತಾವೆ, ಮುದುರಿದ ಎಲೆ ಒಳಗಿನ ಹೇನು ಉಳ್ಕೊಳತ್ತೆ.

6. ಸೋಪು ಹೊಡೆಯೋ ಕ್ರಮ

ಕೆಲಸ ಕೆಡೋದು ಸಾಮಾನ್ಯವಾಗಿ ಇಲ್ಲೇ, ಸ್ವಲ್ಪ ಸಮಾಧಾನವಾಗಿ ಓದಿ.

ಯಾವ ಸೋಪು? ಹೆಸರಘಟ್ಟದ ಸಂಸ್ಥೆಯೇ ತಯಾರಿಸೋ ವಿಧಾನ ಕೊಟ್ಟಿರೋ ಬೇವಿನ ಸೋಪು, ಹೊಂಗೆ ಸೋಪು ಈಗ ಹಲವು ಕಡೆ ಸಿಗತ್ತೆ. ಪ್ರಮಾಣ ಪ್ಯಾಕೆಟ್ ಮೇಲೆ ಇರತ್ತೆ, ಲೀಟರ್ ನೀರಿಗೆ 10 ಗ್ರಾಂ ದಾಟಿಸ್ಬೇಡಿ. ಬಟ್ಟೆ ಒಗೆಯೋ ಪೌಡರ್ ಮಾತ್ರ ಹಾಕ್ಬೇಡಿ, ಅದು ಸೋಪಲ್ಲ ಡಿಟರ್ಜೆಂಟು, ಎಳೆ ಎಲೆ ಸುಡತ್ತೆ. ಬೇವಿನ ಎಣ್ಣೆ ಇದ್ರೆ ಲೀಟರಿಗೆ 5 ಮಿ.ಲೀ., ಮೊದಲು ಸ್ವಲ್ಪ ಸೋಪಿನ ನೀರಲ್ಲಿ ಕದಡಿ ಹಾಲಿನ ತರ ಆದ್ಮೇಲೆ ಪೂರ್ತಿ ನೀರಿಗೆ ಹಾಕಿ, ಎಣ್ಣೆ ಮೇಲೆ ತೇಲ್ತಿದ್ರೆ ಹೊಡೀಬೇಡಿ. ಬೇವಿನ ಬೀಜ ಸಿಗೋ ಕಡೆ 5% ಕಷಾಯ ಮಾಡ್ಬಹುದು, ಲೀಟರ್ ನೀರಿಗೆ 50 ಗ್ರಾಂ ಬೀಜದ ತಿರುಳಿನ ಪುಡಿ ಲೆಕ್ಕ, ರಾತ್ರಿ ನೆನೆಸಿ ಬೆಳಿಗ್ಗೆ ಬಟ್ಟೇಲಿ ಸೋಸಿ ಅವತ್ತೇ ಖಾಲಿ ಮಾಡ್ಬೇಕು.

ನೀರು ಯಾವ್ದು? ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಳದ ಬೋರ್‌ವೆಲ್ ನೀರು ಹಲವು ಕಡೆ ಗಡಸು. ಗಡಸು ನೀರಿಗೆ ಸೋಪು ಹಾಕಿದ್ರೆ ಅದು ಒಡೆದು ಬಿಳಿ ಗಸಿ ಆಗತ್ತೆ, ಹೇನು ಸಾಯಲ್ಲ, ನಾಝಲ್ ಕಟ್ಕೊಳತ್ತೆ. ಒಂದು ಬಾಟ್ಲಿಗೆ ನೀರು ಹಾಕಿ ಚಿಟಿಕೆ ಸೋಪು ಹಾಕಿ ಕುಲುಕಿ ನೋಡಿ, ನೊರೆ ಬಂದು ನೀರು ಒಂದೇ ಸಮ ಇದ್ರೆ ಸರಿ, ನೊರೆ ಬರದೆ ಮೇಲೆ ಕೆನೆ ತರ ಪದರ ಕಟ್ಟಿದ್ರೆ ಆ ನೀರು ಬೇಡ. ಕೃಷಿ ಹೊಂಡದ್ದೋ ಮಳೆ ನೀರೋ ಬಳಸಿ, ತಾರಸಿಯೋರು ಆರ್.ಓ. ಫಿಲ್ಟರ್ ನೀರು ತಗೊಳ್ಳಿ.

ಹೇಗೆ ಹೊಡೆಯೋದು? ಸೋಪು ತಾಗಿದ್ರೆ ಮಾತ್ರ ಕೊಲ್ಲತ್ತೆ, ಒಣಗಿದ್ಮೇಲೆ ಅದರ ಕೆಲಸ ಮುಗೀತು. ನಾಝಲ್ ಬಾಯಿ ಮೇಲ್ಮುಖ ಮಾಡಿ ಎಲೆ ಕೆಳಗಿಂದ ಹೊಡೀರಿ, ಆಮೇಲೆ ಒಂದು ಕ್ಷಣ ಸುಳಿಗೆ ನೇರ ಹಿಡೀರಿ. ಎಲೆ ಮೇಲೆ ನೀರು ಮಣಿ ಮಣಿಯಾಗಿ ಉರುಳಿದ್ರೆ ನೆನೆದಿಲ್ಲ, ತೆಳ್ಳಗೆ ಹಾಸಿದ ಹಾಗೆ ಹರಡ್ಬೇಕು. ಸಂಜೆ ನಾಲ್ಕರ ಮೇಲೆ ಹೊಡೀರಿ, ಸುಡು ಬಿಸಿಲಲ್ಲಿ ಎಲೆ ಅಂಚು ಕಂದತ್ತೆ. ತಾಮ್ರದ ಶಿಲೀಂಧ್ರನಾಶಕದ ಜೊತೆ ಸೋಪು ಬೆರೆಸ್ಬೇಡಿ. ಮೊದಲ ಸಲ ಹೊಡೆದು ನಾಲ್ಕೈದು ದಿನಕ್ಕೆ ಎರಡನೇ ಸಲ ಹೊಡೀಲೇಬೇಕು, ಯಾಕಂದ್ರೆ ಉಳಿದ ಹತ್ತು ತಾಯಿ ಅಷ್ಟರಲ್ಲಿ ಮತ್ತೆ ಗುಂಪು ಕಟ್ಟಿರ್ತಾವೆ.

ಹೊಡೆದ ಮಾರನೇ ದಿನ ನೋಡಿ, ಇನ್ನೂ ಬೆಳ್ಳಗಿದೆ, ಸತ್ತಿಲ್ಲ ಅಂತ ಗಾಬರಿಯಾಗಿ ಡಬಲ್ ಡೋಸ್ ಹೊಡೆಯೋರಿದ್ದಾರೆ. ಹೇನು ಬೆಳೀವಾಗ ಪೊರೆ ಬಿಡತ್ತೆ, ಆ ಖಾಲಿ ಪೊರೆ ಎಲೆಗೆ ಅಂಟ್ಕೊಂಡಿರತ್ತೆ. ಭೂತಗನ್ನಡಿ ಹಿಡಿದು ಕಡ್ಡೀಲಿ ಮುಟ್ಟಿ, ಬದುಕಿದ್ದು ಕಾಲಾಡಿಸತ್ತೆ, ಸತ್ತಿದ್ದು ಕಂದಿ ಸುರುಟಿರತ್ತೆ, ಪೊರೆ ಉಫ್ ಅಂದ್ರೆ ಹಾರತ್ತೆ.

ಕುಂಡದ ಗಿಡಕ್ಕೆ ಇಷ್ಟೆಲ್ಲ ಬೇಕಿಲ್ಲ, ಬೆಳಿಗ್ಗೆ ಪೈಪಿಂದ ಜೋರಾಗಿ ಎಲೆ ಕೆಳಗೆ ನೀರು ಹಾಯಿಸಿ, ಮೂರು ದಿನ ಬಿಡದೆ ಮಾಡಿ, ಉದುರಿದ್ದರಲ್ಲಿ ಮತ್ತೆ ಹತ್ತಿ ಬರೋದು ಕಮ್ಮಿ. ಹೊಲದಲ್ಲಿ ಹೀಗೆ ಮಾಡೋಕೆ ಹೋಗ್ಬೇಡಿ, ನೀರು ಚಿಮ್ಮಿದ್ರೆ ಕಪ್ಪು ಕೊಳೆ ರೋಗ ಗಿಡದಿಂದ ಗಿಡಕ್ಕೆ ಹರಡತ್ತೆ.

7. ಸೋಪಿಗೆ ಬಗ್ಗದಿದ್ರೆ

ಎರಡು ಸಲ ಸರಿಯಾಗಿ ಹೊಡೆದೂ ಗುರುತಿನ ಗಿಡಗಳಲ್ಲಿ ಏರ್ತಾನೇ ಇದ್ರೆ, ಗಡ್ಡೆ ಕಟ್ಟೋ ಸಮಯ ಹತ್ರ ಬಂದಿದ್ರೆ, ಆಗ ರಾಸಾಯನಿಕ. ಕೋಸಿನ ಹೇನಿಗೆ ಅಂತ ಲೇಬಲ್ ಮೇಲೆ ಬರೆದಿರೋದನ್ನೇ ತಗೊಳ್ಳಿ. ಉದಾಹರಣೆಗೆ ಅಸಿಟಾಮಿಪ್ರಿಡ್ 20 ಎಸ್‌ಪಿ, ಅದು ನೀರಲ್ಲಿ ಕರಗೋ ಪುಡಿ, ಹೆಕ್ಟೇರಿಗೆ 75 ಗ್ರಾಂ, ಅಂದ್ರೆ ಎಕರೆಗೆ 30 ಗ್ರಾಂ, 200 ಲೀಟರ್ ನೀರಿಗೆ. 15 ಲೀಟರ್ ಟ್ಯಾಂಕಿಗೆ ಇದು ಎರಡೂಕಾಲು ಗ್ರಾಂ ಮಾತ್ರ! ಮುಚ್ಚಳದ ಲೆಕ್ಕದಲ್ಲಿ ಹಾಕೋರು ಎಷ್ಟು ಪಟ್ಟು ಹಾಕ್ತಾರೋ ದೇವ್ರಿಗೇ ಗೊತ್ತು, ತಕ್ಕಡಿ ಬೇಕು ಅಂದಿದ್ದು ಇದಕ್ಕೇ. ಹೊಡೆದ್ಮೇಲೆ 7 ದಿನ ಕೊಯ್ಯೋ ಹಾಗಿಲ್ಲ, ಇದಕ್ಕೆ ಕಾಯುವ ಅವಧಿ ಅಂತಾರೆ, ಆ ವಾರ ಎಲೆ ಕಿತ್ತು ಹಸುವಿಗೂ ಹಾಕ್ಬೇಡಿ. ಜೊತೆಗೆ ಎಲೆಗೆ ಹಿಡಿಸೋ ಅಂಟು ದ್ರಾವಣ, ಅಂಗಡೀಲಿ ಸ್ಟಿಕ್ಕರ್ ಅಂತಾರಲ್ಲ ಅದು, ಕೋಸಿಗೆ ಬೇಕೇ ಬೇಕು.

ಮತ್ತೆ ಹೊಡೆಯೋ ಪರಿಸ್ಥಿತಿ ಬಂದ್ರೆ ಬೇರೆ ಗುಂಪಿನದ್ದು ತಗೊಳ್ಳಿ, ಸಯಾಂಟ್ರಾನಿಲಿಪ್ರೋಲ್ ಅಥವಾ ಟಾಲ್ಫೆನ್‌ಪೈರಾಡ್ ತರದ್ದು. ಅಸಿಟಾಮಿಪ್ರಿಡ್, ಇಮಿಡಾಕ್ಲೋಪ್ರಿಡ್, ಥಯೋಮಿಥಾಕ್ಸಾಮ್ ಮೂರೂ ಒಂದೇ ಗುಂಪು, ಒಂದರ ಬದಲು ಇನ್ನೊಂದು ಹೊಡೆದ್ರೆ ಡಬ್ಬಿ ಬದಲಾಯ್ತು ಅಷ್ಟೇ, ಔಷಧಿ ಬದಲಾಗ್ಲಿಲ್ಲ. ಮಾನೋಕ್ರೋಟೋಫಾಸ್ ತರಕಾರಿಗೆ ಹೊಡೆಯೋದು 2005ರಿಂದಲೇ ನಿಷೇಧ, ಅಗ್ಗ ಅಂತ ಯಾರು ಹೇಳಿದ್ರೂ ಬೇಡ. ಎರಡು ಮೂರು ಔಷಧಿ ಒಂದೇ ಟ್ಯಾಂಕಿಗೆ ಸುರಿಯೋ ಅಭ್ಯಾಸನೂ ಬಿಡಿ.

ಯೂರಿಯಾ ವಿಷಯ ಇಲ್ಲೇ ಹೇಳ್ಬಿಡ್ತೀನಿ. ಗಿಡ ಕಪ್ಪು ಹಸಿರಾಗಿ ಮಿಂಚಲಿ ಅಂತ ಮೇಲಿಂದ ಮೇಲೆ ಯೂರಿಯಾ ಕೊಟ್ರೆ ಎಲೆ ಮೆತ್ತಗಾಗಿ ರಸ ಹೇನಿಗೆ ಪುಷ್ಟಿಯಾಗತ್ತೆ, ಬೇಗ ಬೇಗ ಮರಿ ಹಾಕತ್ತೆ. ಶಿಫಾರಸು ಪ್ರಮಾಣವನ್ನೇ ಕಂತಲ್ಲಿ ಕೊಡಿ, ಹೇನು ಏರ್ತಿರೋ ವಾರ ಮಾತ್ರ ಕೊಡ್ಬೇಡಿ.

8. ಗಡ್ಡೆ ಮುಚ್ಕೊಂಡ್ಮೇಲೆ, ಕೊಯ್ದ್ಮೇಲೆ

ಒಳಗೆ ಹೇನು ಸಿಕ್ಕಿಹಾಕ್ಕೊಂಡಿರೋ ಗಡ್ಡೆಗೆ ಇನ್ನು ಔಷಧಿ ಖರ್ಚು ಬೇಡ. ಹೊರಗಿನ ಎಲೆ ಬಿಡಿಸಿ ನೋಡಿ, ಎರಡು ಮೂರು ಎಲೆಗೆ ನಿಂತಿದ್ರೆ ಅಷ್ಟು ತೆಗೆದು ಮಾರ್ಬಹುದು. ಮನೇಲಿ ಅಡಿಗೆಗಾದ್ರೆ ಎಲೆ ಬಿಡಿ ಬಿಡಿಯಾಗಿ ಬಿಡಿಸಿ ಉಪ್ಪು ನೀರಲ್ಲಿ ಒಂದು ಕಾಲು ಗಂಟೆ ನೆನೆಸಿ, ಹರಿಯೋ ನೀರಲ್ಲಿ ತೊಳೀರಿ. ಹೇನಿಂದ ಮನುಷ್ಯರಿಗೆ ಕಾಯಿಲೆ ಏನೂ ಬರಲ್ಲ. ಹೂಕೋಸಾದ್ರೆ ಹೂವನ್ನ ಚಿಕ್ಕದಾಗಿ ಬಿಡಿಸಿದ್ಮೇಲೇ ನೆನೆಸಿ, ಇಡೀ ಹೂ ಮುಳುಗಿಸಿದ್ರೆ ಒಳಗಿಂದು ಹಾಗೇ ಇರತ್ತೆ.

ಕೋಸು ಕೊಯ್ದ್ಮೇಲೆ ಮೋಟು ಹಾಗೇ ಬಿಟ್ರೆ ಪಕ್ಕದಿಂದ ಎಳೆ ಚಿಗುರು ಒಡೆಯತ್ತೆ, ಹೇನಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ, ಅಲ್ಲಿಂದಲೇ ರೆಕ್ಕೆ ಬಲಿತು ಮುಂದಿನ ನಾಟಿಗೆ ಹಾರೋದು. ಕೊಯ್ಲು ಮುಗಿದ ವಾರದೊಳಗೆ ಮೋಟನ್ನ ಬೇರು ಸಮೇತ ಕಿತ್ತು ಗುಂಡೀಲಿ ಹಾಕಿ ಮಣ್ಣು ಮುಚ್ಚಿ, ಇಲ್ಲ ರೋಟವೇಟರ್ ಹೊಡೆದು ಮಣ್ಣಿಗೆ ಸೇರಿಸಿ. ಬದುವಲ್ಲಿ ತಾನಾಗೇ ಹುಟ್ಟಿರೋ ಸಾಸಿವೆ, ಬೀಜಕ್ಕೆ ಅಂತ ಬಿಟ್ಟು ಮರೆತಿರೋ ಮೂಲಂಗಿ ಗಿಡ ಇದ್ರೆ ಅದನ್ನೂ ಕೀಳಿ. ಮುಂದಿನ ಬೆಳೆ ಅದೇ ತಾಕಲ್ಲಿ ಹೂಕೋಸೋ ನವಿಲುಕೋಸೋ ಬೇಡ, ಬೀನ್ಸ್, ಜೋಳ, ರಾಗಿ ಯಾವ್ದಾದ್ರೂ ಹಾಕಿ. ಹಳೇ ಕೋಸಿನ ತಾಕಿನ ಪಕ್ಕಕ್ಕೇ ಹೊಸ ಸಸಿ ನಾಟಿ ಮಾಡೋ ಪರಿಸ್ಥಿತಿ ಇದ್ರೆ, ಹಳೇದನ್ನ ಕಿತ್ತು ಮುಗಿಸಿದ್ಮೇಲೇ ಹೊಸ ಟ್ರೇ ತನ್ನಿ.